ಕೊಕ್ಕರೆಗೊಂದು ನೆರಳು

ನಮ್ಮ ಗ್ದಾನ್ಸ್ಕ್ ಊರಿನಲ್ಲಿ
ಭಾರ ಎತ್ತುವ ಯಂತ್ರಕ್ಕೂ ಉದ್ದ ಕಾಲಿನ ಹಕ್ಕಿಗೂ
ಹೆಸರು ಒಂದೇ.
ಅದಕ್ಕೇ ನನ್ನ ಆಟದ ಕೊನೆಯ ಬಾಗಿಲಿಗೆ
ಕಬ್ಬಿಣದ ಕೊಕ್ಕರೆಯೊಂದನ್ನು ಕಾವಲಿಟ್ಟೆ.
ಕುಕ್ಕುವ ಮುನ್ನ ಅದರ ಕೀಲು ಕಿರ್ರೆನ್ನುತ್ತದೆ.
ಕಿರ್ರೆಂದ ಮೇಲೆ ಹನ್ನೊಂದು ಫ್ರೇಮು,
ಸೆಕೆಂಡಿನ ಐದರಲ್ಲೊಂದು ಪಾಲೂ ಇಲ್ಲ.
ಅಷ್ಟರಲ್ಲಿ ಹಾರಿದೆಯೋ, ಉಳಿದೆ.

ಹನ್ನೊಂದೇ ಯಾಕೆಂದು ಕೇಳಬೇಡಿ.
ಹತ್ತಕ್ಕೆ ನಾನೇ ಸತ್ತೆ,
ಹನ್ನೆರಡಕ್ಕೆ ಸೆವೆರಿನ್ ಆಕಳಿಸಿದ.

ಮಂಗಳವಾರ ಬೊಗುಮಿವ್ ಬಂದರು.
ಎಪ್ಪತ್ತೊಂದು ವರ್ಷ,
ಅದರಲ್ಲಿ ಮೂವತ್ತು ಹಡಗುಕಟ್ಟೆಯ ಬೆಸುಗೆಗೆ ಹೋಯಿತು.
ಆಡಿ ನೋಡಿ ಹೇಳುವವರಿಗೆ ನಾವು ಸಂಬಳ ಕೊಡುವುದಿಲ್ಲ:
ಒಂದು ಬಟ್ಟಲು ಹುಳಿ ಜುರೆಕ್, ಬ್ರೆಡ್ಡು, ಟ್ರಾಮಿನ ಚೀಟಿ.
ಕಂಟ್ರೋಲರನ್ನು ಅವರು ಹಿಡಿದದ್ದು
ಬೇರೆಯವರ ಹಸುಗೂಸನ್ನು ಹಿಡಿದ ಹಾಗೆ.
ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ.
ನಾನು ಆ ಬೆರಳುಗಳನ್ನೇ ನೋಡುತ್ತ ಕೂತೆ.
ಅದೇ ನಾನು ಮಾಡಿದ ತಪ್ಪು.

ಒಂದು. ಏಳು. ಇಪ್ಪತ್ತು.
ಅರುವತ್ತಮೂರು ಸಲ ಕುಕ್ಕಿಸಿಕೊಂಡು
ಟೋಪಿ ಹಾಕಿಕೊಂಡು ಹೊರಟರು, ಮಾತಿಲ್ಲ.
ಆಯುಷ್ಯವೆಲ್ಲ ಕಬ್ಬಿಣ ಬೆಸೆದವರಿಗೆ
ನಾನು ಕೊಟ್ಟದ್ದು ಕಬ್ಬಿಣದ ಕಡಲೆ.

ಆ ರಾತ್ರಿ ಹನ್ನೊಂದನ್ನು ಇಪ್ಪತ್ತನಾಲ್ಕು ಮಾಡಿದೆ.
ಕೊಕ್ಕರೆಗೆ ಮುಪ್ಪು ಬಂದಂತಾಯಿತು.
ಮೆನುವಿನಲ್ಲಿ ಹೊಸ ಸಾಲು ಬರೆದೆ: ಸುಲಭ.
'ಎಲ್ಲರೂ ದಾಟುವುದಾದರೆ ಬಾಗಿಲು ಯಾಕೆ,
ಗೋಡೆಯನ್ನೇ ಕೆಡವು' ಎಂದ ಸೆವೆರಿನ್.
'ಯಾರೂ ದಾಟದಿದ್ದರೆ ಅದೂ ಗೋಡೆಯೇ' ಎಂದೆ.
ಇಬ್ಬರೂ ಗೆದ್ದೆವೆಂದುಕೊಂಡು ಮಲಗಿದೆವು.

ಬುಧವಾರ ಬೊಗುಮಿವ್ ಎರಡನೇ ಯತ್ನಕ್ಕೇ ದಾಟಿದರು.
ಕಂಟ್ರೋಲರನ್ನು ಮೇಜಿನ ಮೇಲೆ ಮೆಲ್ಲಗಿಟ್ಟು
'ಹಕ್ಕಿಗೆ ನಿದ್ದೆ ಮಾತ್ರೆ ಹಾಕಿದಿರಾ?' ಎಂದರು.
ಕೆನ್ನೆ ಸುಟ್ಟಂತಾಯಿತು.
'ನಿನ್ನೆಯದನ್ನೇ ಹಾಕಿ. ಒಂದೇ ಒಂದು ಹೇಳಿ,
ಅದು ಕುಕ್ಕುತ್ತದೆಂದು ನಿಮಗೆಲ್ಲ ಮೊದಲೇ ಹೇಗೆ ತಿಳಿಯುತ್ತದೆ?'
'ಕಿರ್ರೆನ್ನುತ್ತಲ್ಲ, ಎಡಗಡೆಯಿಂದ.'
'ಏನು?'
ತಲೆ ತಿರುಗಿಸಿ ಬಲಗಿವಿ ಕೊಟ್ಟರು.

ಎಡಗಿವಿಯನ್ನು ಅವರು
ಯಾವುದೋ ಹಡಗಿನ ಹೊಟ್ಟೆಯೊಳಗೆ ಬಿಟ್ಟು ಬಂದಿದ್ದರಂತೆ.
ಸುತ್ತಿಗೆಗಳ ನಡುವೆ. ಎಂಬತ್ತೊಂದನೇ ಇಸವಿಯಲ್ಲಿ.
ಆ ಹಡಗು ಎಲ್ಲಿ ತೇಲುತ್ತಿದೆಯೋ ಈಗ,
ಎಲ್ಲ ಕೇಳಿಸಿಕೊಳ್ಳುತ್ತ.

ಅರುವತ್ತಮೂರು ಸಾವು!
ಒಂದೂ ಬೆರಳಿನದಲ್ಲ.

ಮಾಡಿದ್ದು ಇಷ್ಟೇ: ಕಿರ್ರೆನ್ನುವ ಅದೇ ಗಳಿಗೆಯಲ್ಲಿ
ಕೊಕ್ಕಿನ ನೆರಳು ಹಿಮದ ಮೇಲೆ ಬೀಳುವಂತೆ ಬರೆದೆ,
ಸೂಜಿಯಷ್ಟು ತೆಳು, ನೀಲಿ.
ಹಾರುವ ಗುಂಡಿಯನ್ನು ಎಡ ಹೆಬ್ಬೆರಳಿಗೆ ಕೊಡಿ ಎಂದರು, ಕೊಟ್ಟೆ.
ಹನ್ನೊಂದು ಹನ್ನೊಂದಾಗಿಯೇ ಉಳಿಯಿತು.
ಇಪ್ಪತ್ತನಾಲ್ಕನ್ನೂ ಅಳಿಸಲಿಲ್ಲ.
ಜ್ವರದಲ್ಲಿ ಆಡುವವರಿರುತ್ತಾರೆ,
ಕಂಕುಳಲ್ಲಿ ಮಗು ಇಟ್ಟುಕೊಂಡು ಆಡುವವರಿರುತ್ತಾರೆ,
ಬಾಗಿಲಾಚೆ ಏನಿದೆ ಅಂತ ಮಾತ್ರ ನೋಡಬೇಕೆನ್ನುವವರೂ.
ಆದರೆ ಹೆಸರು ಬದಲಿಸಿದೆ.
'ಸುಲಭ' ಎನ್ನಲು ನಾನ್ಯಾರು?
'ನಿಧಾನ' ಎಂದು ಬರೆದೆ.

ಹದ ಎಂದರೆ ನಡುಮಧ್ಯದ ಅಂಕಿ ಎಂದುಕೊಂಡಿದ್ದೆ,
ಹನ್ನೊಂದಕ್ಕೂ ಇಪ್ಪತ್ತನಾಲ್ಕಕ್ಕೂ ನಡುವೆ ಎಲ್ಲೋ.
ಕಬ್ಬಿಣ ಕಾಸಿದವರು ಹಾಗೆನ್ನುವುದಿಲ್ಲ:
ಬೆಂಕಿ ತಗ್ಗಿಸಿದರೆ ಬೆಸುಗೆ ಹಿಡಿಯದು,
ಬೆಂಕಿ ಕಾಣಿಸಬೇಕು, ಅಷ್ಟೇ.

ಗುರುವಾರ. ಮತ್ತೆ ನಲವತ್ತು ಸಲ ಸತ್ತರು.
ಬೈದರು: ಕೊಕ್ಕರೆಯನ್ನು, ನನ್ನನ್ನು, ತಮ್ಮ ಹೆಬ್ಬೆರಳನ್ನು.
ನಡುವೆ ಒಮ್ಮೆ ಹಿಗ್ಗಿನಿಂದ ಕೂಗಿದರು,
'ಈ ಸಲ ತಪ್ಪು ನನ್ನದೇ!'
ಗೆದ್ದವರ ಬಾಯಲ್ಲೂ ಅಂಥ ಹಿಗ್ಗು ಕೇಳಿರಲಿಲ್ಲ ನಾನು.
ಸೆವೆರಿನ್ ಈಗ ಟ್ರಾಮಿನಲ್ಲಿ ಸದ್ದು ಆರಿಸಿ ಆಡುತ್ತಾನೆ,
ನೆರಳು ನೋಡಿಕೊಂಡು. ಹೇಳಿಕೊಳ್ಳುವುದಿಲ್ಲ.

ಜುರೆಕ್ ಆರಿ ಕೆನೆಗಟ್ಟಿತ್ತು.
ಬೊಗುಮಿವ್ ತಣ್ಣಗಿದ್ದುದನ್ನೇ ನಿಂತು ಕುಡಿದು
ಟೋಪಿ ಹುಡುಕಿ, ಬಾಗಿಲಲ್ಲಿ ತಿರುಗಿ
'ನಾಳೆ ಬರುತ್ತೇನೆ' ಎಂದರು,
ನನಗಲ್ಲ,
ಪರದೆಯ ಮೇಲೆ ಒಂಟಿಕಾಲಲ್ಲಿ ನಿಂತಿದ್ದ ಅದಕ್ಕೆ.